ಮುಟ್ಟಿದ್ರೆ ಕದಲೋ ಕಾಮಿಕ್ಸ್: ಯಾವ ಗೆರೆಗೆ ಯಾವ ಆಟ?

ನನ್ನ ಸ್ಕ್ರೀನ್ ಮೇಲೆ ಈಗ ನಾಲ್ಕು ಇಂಟರಾಕ್ಟಿವ್ ಕಾಮಿಕ್ಸ್ ಇವೆ, ಅಂದ್ರೆ ಓದುಗರೇ ಮುಟ್ಟಿ, ಎಳೆದು ಮುಂದುವರಿಸೋ ಚಿತ್ರಕಥೆಗಳು. ಕೆಲವನ್ನ ಗೇಮ್ ಅಂತಲೇ ಮಾರ್ತಾರೆ, ಇರಲಿ ಬಿಡಿ. ಚಿತ್ರಶೈಲಿಗಿಷ್ಟು, ಇಂಟರಾಕ್ಟಿವಿಟಿಗಿಷ್ಟು ಅಂತ ಬೇರೆಬೇರೆಯಾಗಿ ಅಂಕ ಕೊಡೋ ರೂಢಿ ಇದೆಯಲ್ಲ, ಆ ಲೆಕ್ಕ ಇಲ್ಲಿ ನಡೆಯಲ್ಲ. ಗೆರೆ ಎಂಥದು ಅನ್ನೋದರ ಮೇಲೇ ಓದುಗರ ಬೆರಳಿಗೆ ಎಷ್ಟು ಕೆಲಸ ಕೊಡಬಹುದು ಅನ್ನೋದು ನಿಂತಿದೆ.

2014ರ 'ಫ್ರೇಮ್ಡ್' ನೋಡಿ. ಇಲ್ಲಿ ಕೆಲಸ ಚಿತ್ರಕಥೆಯ ಚೌಕಗಳನ್ನ, ಅಂದ್ರೆ ಪ್ಯಾನೆಲ್‌ಗಳನ್ನ ಅದಲುಬದಲು ಮಾಡೋದು. ಸರಿಯಾದ ಸಾಲಿನಲ್ಲಿಟ್ರೆ ಪಾತ್ರ ಪೊಲೀಸರಿಂದ ತಪ್ಪಿಸಿಕೊಳ್ಳುತ್ತೆ, ಇಲ್ಲಾಂದ್ರೆ ಸಿಕ್ಕಿಬೀಳುತ್ತೆ. ಪಾತ್ರಗಳು ಹೆಚ್ಚುಕಮ್ಮಿ ಬರೀ ನೆರಳು. ಇದು ಜಾಣತನ: ಮುಖದ ಭಾವ ಬಿಡಿಸಿಬಿಟ್ರೆ, ಹಿಂದಿನ ಪ್ಯಾನೆಲ್ ಬದಲಾದಾಗಲೆಲ್ಲ ಆ ಭಾವ ಹೊಂದಲ್ಲ. ನೆರಳು ಯಾವುದರ ಪಕ್ಕದಲ್ಲಾದ್ರೂ ಕೂರುತ್ತೆ.

2017ರ 'ಗೊರೊಗೋವಾ' ಇದಕ್ಕೆ ಪೂರ್ತಿ ಉಲ್ಟಾ. ನಾಲ್ಕೇ ಚೌಕ, ಒಳಗೆಲ್ಲ ಕೈಯಿಂದ ಬಿಡಿಸಿದ ಸೂಕ್ಷ್ಮ ಗೆರೆ. ಒಂದು ಚೌಕದ ಚೌಕಟ್ಟನ್ನ ಎತ್ತಿ ಇನ್ನೊಂದರ ಮೇಲಿಟ್ರೆ ಎರಡು ಚಿತ್ರ ಒಂದಾಗುತ್ತೆ. ಅಂಚಿಗೆ ಅಂಚು ಕೂಡದಿದ್ರೆ ಮಾಯೆ ಅಲ್ಲೇ ಮುಗೀತು. ಇದನ್ನ ಅನುಕರಿಸೋರು ಎಡವೋದು ಝೂಮ್‌ನಲ್ಲಿ. ಮೂರು ಪಟ್ಟು ಹಿಗ್ಗಿಸಬೇಕಾದ ಚಿತ್ರವನ್ನ ಮೂರು ಪಟ್ಟು ಅಳತೆಯಲ್ಲೇ ಬಿಡಿಸಬೇಕು, ಇಲ್ಲಾ ಹತ್ತಿರದ ನೋಟಕ್ಕೆ ಬೇರೆ ಚಿತ್ರವೇ ಬೇಕು. ಎರಡೂ ಮಾಡದಿದ್ರೆ ಪೆನ್ಸಿಲ್ ಗೆರೆ ಮಸುಕು ಮಸುಕಾಗುತ್ತೆ.

2018ರ 'ಫ್ಲಾರೆನ್ಸ್' ಹತ್ರ ಸ್ವಲ್ಪ ಹೊತ್ತು ನಿಲ್ಲೋಣ. ತೆಳು ಗೆರೆ, ಸಪಾಟು ಬಣ್ಣ, ಸುತ್ತ ಧಾರಾಳ ಬಿಳಿ. ಪ್ರೇಮಿಗಳ ಮೊದಲ ಭೇಟಿಯಲ್ಲಿ ಮಾತಿನ ಬಲೂನ್ ಜಿಗ್ಸಾ ತುಂಡುಗಳಾಗಿ ಬರುತ್ತೆ, ಜೋಡಿಸಿದ್ರೇನೇ ಮಾತು. ಸಲುಗೆ ಬೆಳೆದಂತೆ ತುಂಡು ಕಮ್ಮಿಯಾಗಿ ಆಗಿ ಕೊನೆಗೆ ಒಂದೇ. ಜಗಳದಲ್ಲಿ ಅದೇ ತುಂಡುಗಳ ಅಂಚು ಚೂಪಾಗುತ್ತೆ. ಬಲೂನಲ್ಲಿ ಒಂದಕ್ಷರ ಇಲ್ಲ. ತಡವರಿಸೋದು ನಿಮ್ಮ ಬೆರಳು. ಈ ನಾಲ್ಕರಲ್ಲಿ ನನ್ನ ಮತ ಇದಕ್ಕೇ.

ಇನ್ನು 2015ರ 'ದಿ ಬೋಟ್'. ಚಿತ್ರಕಾರ ಮ್ಯಾಟ್ ಹ್ಯೂನ್ ಅವರ ಕುಂಚ, ಶಾಯಿ. ಓದುಗರ ಪಾಲಿಗೆ ಇರೋದು ಸ್ಕ್ರೋಲ್ ಅಷ್ಟೇ. ಅಷ್ಟೇ ಸಾಕು ಕೂಡ, ಯಾಕಂದ್ರೆ ಹರಡಿದ ಶಾಯಿಯನ್ನ ಕತ್ತರಿಸಿ ಎಳೆದಾಡಿಸೋದು ಕಷ್ಟ.

ಎಷ್ಟು ಕಷ್ಟ? ನೀವೇ ಇಂಥದ್ದು ಬಿಡಿಸೋಕೆ ಹೊರಟ್ರೆ ಗೊತ್ತಾಗುತ್ತೆ. ಶಾಯಿ ಚಿತ್ರವನ್ನ ಲೇಯರ್ (ಒಂದರ ಮೇಲೊಂದು ಇಡೋ ಪದರ) ಮಾಡೋಕೆ ಕತ್ತರಿಸಿದ್ರೆ ಅಂಚಿನ ಬೂದು ಪಿಕ್ಸೆಲ್‌ಗಳಲ್ಲಿ ಕಾಗದದ ಬಿಳಿ ಉಳಿದಿರುತ್ತೆ. ಕಪ್ಪು ಹಿನ್ನೆಲೆ ಮೇಲಿಟ್ಟ ತಕ್ಷಣ ಪಾತ್ರದ ಸುತ್ತ ಬೆಳ್ಳಗೆ ಬಳೆ ಕಾಣುತ್ತೆ. ಮಲ್ಟಿಪ್ಲೈ ಮೋಡ್ (ಮೇಲಿನ ಪದರದ ಬಿಳಿ ಮಾಯವಾಗೋ ಬೆರಕೆ) ಹಾಕಿದ್ರೆ ಬಳೆ ಹೋಗುತ್ತೆ, ಆದ್ರೆ ಹಿನ್ನೆಲೆ ಪಾತ್ರದ ಮೈಯೊಳಗಿಂದ ಇಣುಕುತ್ತೆ, ಕಪ್ಪಿನ ಮೇಲಂತೂ ಪಾತ್ರವೇ ಮಾಯ. ಅದಕ್ಕೇ ಅಂಚಿಗಿಂತ ಒಂದೆರಡು ಪಿಕ್ಸೆಲ್ ಒಳಗೆ, ಪಾತ್ರದ ಆಕಾರದಲ್ಲೇ ಒಂದು ಗಟ್ಟಿ ಬಣ್ಣದ ಲೇಯರ್ ಅಡಿಯಲ್ಲಿ ಹಾಕಿ.

ಪ್ಯಾರಲಾಕ್ಸ್, ಅಂದ್ರೆ ಹತ್ತಿರದ್ದು ಬೇಗ, ದೂರದ್ದು ನಿಧಾನ ಸರಿಯೋ ಆಟ, ಬೇಕಿದ್ರೆ ಬ್ರಷ್ ಹಿಡಿಯೋ ಮುಂಚೆ ಲೆಕ್ಕ ಹಾಕಿ. ಪಾತ್ರ ಸ್ಕ್ರೋಲ್ ವೇಗದಲ್ಲೇ ಹೋಗುತ್ತೆ, ಹಿನ್ನೆಲೆ 0.6 ಪಟ್ಟು ವೇಗದಲ್ಲಿ. 1000 ಪಿಕ್ಸೆಲ್ ಸ್ಕ್ರೋಲ್ ಆಗೋಷ್ಟರಲ್ಲಿ ಎರಡರ ನಡುವೆ 400 ಪಿಕ್ಸೆಲ್ ಅಂತರ ಬೀಳುತ್ತೆ. ಅಂದ್ರೆ ಪಾತ್ರದ ಬೆನ್ನ ಹಿಂದೆ ಅಡಗಿದ್ದ ಗೋಡೆ ಬಯಲಾಗುತ್ತೆ, ಅದನ್ನೂ ಬಿಡಿಸಿರಬೇಕು. ಒಂದೇ ಲೇಯರ್‌ನಲ್ಲಿ ಬಿಡಿಸಿ ಆಮೇಲೆ ಕತ್ತರಿಸೋರಿಗೆ ಅಲ್ಲಿ ಸಿಗೋದು ಪಾತ್ರದ ಆಕಾರದ ತೂತು. ಚಲನೆಯಿಂದ ತಲೆ ಸುತ್ತೋರಿಗೆ ಇದನ್ನ ಆಫ್ ಮಾಡೋ ಗುಂಡಿ ಇಡೋದು ಮರೀಬೇಡಿ.

ಮಾತನ್ನ ಚಿತ್ರದೊಳಗೇ ಬರೀಬೇಡಿ, ಬೇರೆ ಪಠ್ಯವಾಗಿಡಿ. ಕನ್ನಡಕ್ಕೆ ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಾದ್ರೂ ಇರಲಿ; ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಕೊನೇದು, ಎಲ್ಲಿ ಮುಟ್ಟಬೇಕು ಅನ್ನೋದು. ಬೆರಳು ತಾಗೋ ಜಾಗಕ್ಕೆ ಆ್ಯಂಡ್ರಾಯ್ಡ್ ಹೇಳೋದು ಕನಿಷ್ಠ 48 ಡಿಪಿ, ಆ್ಯಪಲ್ 44 ಪಾಯಿಂಟ್; ಎರಡೂ ಸ್ಕ್ರೀನ್ ಮೇಲಿನ ಅಳತೆಯ ಮಾನ. ಅಳತೆ ಸರಿಯಿದ್ರೂ ಕಣ್ಣಿಗೆ ಕಾಣಬೇಕಲ್ಲ? ಹಳೇ ಕಾರ್ಟೂನ್‌ಗಳಲ್ಲಿ ಯಾವ ಬಾಗಿಲು ತೆರೆಯುತ್ತೆ ಅಂತ ಮೊದಲೇ ಗೊತ್ತಾಗ್ತಿತ್ತು, ಅದೊಂದರ ಬಣ್ಣ ಮಾತ್ರ ಸಪಾಟು. ಅಲ್ಲಿ ಅದು ಲೋಪ. ಇಲ್ಲಿ ಬೇಕಂತಲೇ ಹಾಗೆ ಮಾಡಿ: ಹಿನ್ನೆಲೆಗೆ ಜಲವರ್ಣ, ಮುಟ್ಟೋ ವಸ್ತುವಿಗೆ ಸಪಾಟು ಬಣ್ಣ. ಬಾಣದ ಗುರುತೇ ಬೇಕಾಗಲ್ಲ.