ಸಿಸ್ಟಮ್ ಆನ್ ಆಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲವೇ? ಮೊದಲು ರ್‍ಯಾಮ್ ತೆಗೆದು ನೋಡಿ

(ದೃಶ್ಯ: ಮೇಜಿನ ಮೇಲೆ ಸಿಪಿಯು, ಪಕ್ಕದ ಬಾಗಿಲು ತೆಗೆದಿದೆ)

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ತಕ್ಷಣ "ಮದರ್‌ಬೋರ್ಡ್ ಹೋಯ್ತು", ಅಂದರೆ ಒಳಗಿನ ಮುಖ್ಯ ಬೋರ್ಡೇ ಕೆಟ್ಟಿತು ಅಂತ ಹೆದರಬೇಡಿ. ಇಂಡಿ, ಸಿಂದಗಿ ಕಡೆಯ ಹಳ್ಳಿಯವರಾದರೆ ಸಿಪಿಯು ಹೊತ್ತುಕೊಂಡು ಬಸ್ ಹತ್ತಿ ವಿಜಯಪುರಕ್ಕೆ ಬರಬೇಕು. ಅದಕ್ಕೂ ಮುಂಚೆ ಮನೆಯಲ್ಲೇ ಒಮ್ಮೆ ನೋಡಿಬಿಡಿ.

ಮೊದಲು ಮಾನಿಟರ್ ಕೇಬಲ್. ಸ್ಕ್ರೀನಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇದ್ದರೆ ಕೇಬಲ್ ಅದಕ್ಕೇ ಹಾಕಿರಬೇಕು.

ಆಮೇಲೆ ರ್‍ಯಾಮ್. ಅಂದರೆ ಕಂಪ್ಯೂಟರಿನ ಮೆಮೊರಿ ಚಿಪ್ಪುಗಳಿರುವ ಉದ್ದನೆಯ ಕಾರ್ಡ್. ರಿಪೇರಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ ಅಂತ ನನ್ನ ನಂಬಿಕೆ. ಪವರ್ ಕೇಬಲ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹದ ಭಾಗ ಒಮ್ಮೆ ಮುಟ್ಟಿ. ನಮ್ಮ ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟಿಗೂ ಚಿಪ್ ಸುಡಬಹುದು.

(ಹತ್ತಿರದ ದೃಶ್ಯ: ರ್‍ಯಾಮ್ ಸ್ಲಾಟ್)

ಕ್ಲಿಪ್ ಹೊರಕ್ಕೆ ಒತ್ತಿದರೆ ರ್‍ಯಾಮ್ ಮೇಲೇಳುತ್ತದೆ. ಕೆಳಗಿನ ಹಳದಿ ಪಟ್ಟಿಗಳು ಕಾಣುತ್ತಿವೆ ಅಲ್ವಾ? ಅದು ಚಿನ್ನದ ತೆಳು ಲೇಪ. ಅದರ ಮೇಲೆ ಧೂಳು, ಜಿಡ್ಡು ಕೂತರೆ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ. ಒರಟು ರಬ್ಬರ್ ಬೇಡವೇ ಬೇಡ, ಲೇಪ ಸವೆಯುತ್ತದೆ. ಉದುರಿದ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ರ್‍ಯಾಮಿನ ಕಚ್ಚು ಸ್ಲಾಟಿಗೆ ಹೊಂದಿಸಿ, "ಟಕ್" ಅನ್ನುವವರೆಗೆ ಒತ್ತಿ. ಎರಡು ರ್‍ಯಾಮ್ ಇದ್ದರೆ ಒಂದೊಂದೇ ಹಾಕಿ ಆನ್ ಮಾಡಿ. ಒಂದು ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬಾಗಿಲು ತೆಗೆದಿದ್ದೀರಿ, ಧೂಳನ್ನೂ ತೆಗೆದುಬಿಡಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪ್ರೊಸೆಸರ್ ಮೇಲಿನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಟ್ಟಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಸಿಸ್ಟಮ್ ನಿಧಾನ ಆಗುತ್ತದೆ, ತಾನಾಗೇ ಆಫ್ ಕೂಡ ಆಗುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನಿಗೆ ಬೆರಳು ಅಡ್ಡ ಹಿಡಿಯಿರಿ. ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ತಾರೀಖು, ಟೈಮ್ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸೆಲ್ ಬದಲಿಸಿ. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032.

ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ) ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಇಷ್ಟಾದರೂ ಡಿಸ್‌ಪ್ಲೇ ಬರದಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ. ಏನೇನು ಮಾಡಿ ನೋಡಿದ್ದೀರಿ ಅಂತ ಅವರಿಗೆ ಬಿಡಿಸಿ ಹೇಳಿ.