ಅವರು ದಡ್ಡರಾಗಿರಲಿಲ್ಲ

ನಮಸ್ಕಾರ. ಇಂದು ಬೇರೊಂದು ವಿಷಯ ಮಾತನಾಡಬೇಕೆಂದು ಸಿದ್ಧತೆ ಮಾಡಿಕೊಂಡಿದ್ದೆ. ಅದನ್ನು ಬದಿಗಿಟ್ಟಿದ್ದೇನೆ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದ ಒಂದು ಸಾಲು ನಾಲ್ಕು ದಿನಗಳಿಂದ ನನ್ನನ್ನು ಕಾಡುತ್ತಿದೆ: “ಗೆಲಿಲಿಯೊ ದೂರದರ್ಶಕದಲ್ಲಿ ತೋರಿಸಿದ ಮೇಲೂ ಭೂಮಿ ತಿರುಗುತ್ತದೆ ಎಂದು ಒಪ್ಪದ ಆ ಕಾಲದವರು ಎಂಥ ದಡ್ಡರು!” ಅದಕ್ಕೆ ಸಿಕ್ಕ ಮೆಚ್ಚುಗೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅವರು ದಡ್ಡರಾಗಿರಲಿಲ್ಲ. ಈ ಮಾತನ್ನು ಇಂದು ಎಷ್ಟು ಸಲ ಹೇಳಬೇಕೋ ಅಷ್ಟು ಸಲ ಹೇಳುತ್ತೇನೆ.

ಮೊದಲು, ಗೆಲಿಲಿಯೊ ತೋರಿಸಿದ್ದೇನು? 1610ರ ಜನವರಿ 7ರ ರಾತ್ರಿ ಪಡುವಾದಲ್ಲಿ ಅವನು ಗುರು ಗ್ರಹದತ್ತ ದೂರದರ್ಶಕ ತಿರುಗಿಸಿದ. ಪಕ್ಕದಲ್ಲಿ ಸಾಲಾಗಿ ಮೂರು ಚುಕ್ಕೆಗಳು. ಕೆಲವೇ ದಿನಗಳಲ್ಲಿ ಅವು ನಾಲ್ಕಾದವು, ಜಾಗ ಬದಲಿಸಿದವು. ಗುರುವಿನ ಸುತ್ತ ಸುತ್ತುವ ಚಂದ್ರರು! ಅದೇ ವರ್ಷದ ಕೊನೆಗೆ ಶುಕ್ರನೂ ಚಂದ್ರನಂತೆ ವೃದ್ಧಿ ಕ್ಷಯ ತೋರಿಸಿತು. ಅಂದರೆ ಶುಕ್ರ ಸೂರ್ಯನನ್ನು ಸುತ್ತುತ್ತದೆ. ಭೂಮಿಯೇ ನಡುವೆ, ಉಳಿದೆಲ್ಲ ಅದರ ಸುತ್ತ ಎಂದು ಸಾವಿರದ ನಾನೂರು ವರ್ಷ ಬಾಳಿದ ಟಾಲೆಮಿಯ ವಿಶ್ವಚಿತ್ರ ಅಲ್ಲಿಗೆ ಕುಸಿಯಿತು. ನಿಜ. ಒಪ್ಪುತ್ತೇನೆ.

ಆದರೆ ಭೂಮಿ ಚಲಿಸುತ್ತದೆ ಎಂಬುದು ಇದರಿಂದ ಹೇಗೆ ಸಾಬೀತಾಯಿತು?

ಈ ಪ್ರಶ್ನೆ ನನ್ನದಲ್ಲ. ನಮ್ಮ ಕಟ್ಟಡದ ತಾರಸಿಯಲ್ಲಿ ಮಕ್ಕಳಿಗೆ ಗುರುವಿನ ಚಂದ್ರರನ್ನು ತೋರಿಸುತ್ತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, ಅವು ಗುರುವನ್ನು ಸುತ್ತಿದರೆ ಸುತ್ತಲಿ. ನಾವು ಸುತ್ತುತ್ತಿದ್ದೇವೆ ಎಂದು ಇದರಲ್ಲಿ ಎಲ್ಲಿ ಕಾಣುತ್ತದೆ?” ಎಲ್ಲೂ ಕಾಣುವುದಿಲ್ಲ, ಮಗು. 17ನೇ ಶತಮಾನದ ಯುರೋಪಿನ ಅತ್ಯಂತ ಚುರುಕಾದ ತಲೆಗಳು ಕೇಳಿದ ಪ್ರಶ್ನೆಯನ್ನೇ ನೀನು ಕೇಳಿದೆ.

16ನೇ ಶತಮಾನದ ಖಗೋಳಜ್ಞ ಟೈಕೋ ಬ್ರಾಹೆಯನ್ನು ನೆನೆಯಿರಿ. (ಅವನ ವೇನ್ ದ್ವೀಪದ ವೀಕ್ಷಣಾಲಯದ ಬಗ್ಗೆ ಎರಡು ಸಂಚಿಕೆ ಮಾಡಿದ್ದೇನೆ, ಕೊಂಡಿ ಕೆಳಗಿದೆ, ದಯವಿಟ್ಟು ನೋಡಿ, ನಾನು ಮಾಡಿದವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಅವು.) ದೂರದರ್ಶಕವೇ ಇಲ್ಲದ ಕಾಲದಲ್ಲಿ, ಬರಿಗಣ್ಣು ಮತ್ತು ದೊಡ್ಡ ದೊಡ್ಡ ಕೋನಮಾಪಕಗಳಿಂದ, ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲಿನಷ್ಟು ನಿಖರವಾಗಿ ಗ್ರಹಗಳನ್ನು ಅಳೆದವನು. ಸೂರ್ಯನೇ ನಡುವೆ, ಭೂಮಿ ಅದನ್ನು ಸುತ್ತುತ್ತದೆ ಎಂದಿದ್ದ ಕೊಪರ್ನಿಕಸ್‌ನನ್ನು ಅವನು ಗೌರವಿಸುತ್ತಿದ್ದ. ಆದರೂ ಭೂಮಿಯನ್ನು ಕದಲಿಸಲಿಲ್ಲ. ಗ್ರಹಗಳೆಲ್ಲ ಸೂರ್ಯನನ್ನು ಸುತ್ತಲಿ, ಸೂರ್ಯ ಅವನ್ನೆಲ್ಲ ಕಟ್ಟಿಕೊಂಡು ಭೂಮಿಯನ್ನು ಸುತ್ತಲಿ ಎಂದ. ಗುರುವಿನ ಚಂದ್ರರು ಈ ಚಿತ್ರಕ್ಕೂ ಹೊಂದುತ್ತಾರೆ. ಶುಕ್ರನ ವೃದ್ಧಿ ಕ್ಷಯವೂ ಹೊಂದುತ್ತದೆ. ದೂರದರ್ಶಕದಲ್ಲಿ ಕಂಡದ್ದಷ್ಟನ್ನೇ ಹಿಡಿದು ನ್ಯಾಯ ಹೇಳಿ ಎಂದರೆ ಅಂದು ಯಾವ ನ್ಯಾಯಾಧೀಶನೂ ತೀರ್ಪು ಕೊಡಲಾರ.

ಟೈಕೋ ಏಕೆ ಒಪ್ಪಲಿಲ್ಲ? ಈಗಲೇ ನಿಮ್ಮ ತೋರುಬೆರಳನ್ನು ಮುಖದ ಮುಂದೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ತೆರೆದು ಇನ್ನೊಂದನ್ನು ಮುಚ್ಚಿ. ಬೆರಳು ಅತ್ತಿತ್ತ ಜಿಗಿಯಿತಲ್ಲವೇ? ಭೂಮಿ ಸೂರ್ಯನನ್ನು ಸುತ್ತುವುದಾದರೆ ಜನವರಿಯಲ್ಲಿ ನಾವು ಇದ್ದ ಜಾಗಕ್ಕೂ ಜುಲೈಯಲ್ಲಿ ಇರುವ ಜಾಗಕ್ಕೂ ಸುಮಾರು 30 ಕೋಟಿ ಕಿಲೋಮೀಟರ್ ಅಂತರ. ಹಾಗಾದರೆ ನಕ್ಷತ್ರಗಳೂ ಆ ಬೆರಳಿನಂತೆ ಸ್ವಲ್ಪವಾದರೂ ಜಿಗಿಯಬೇಕು. ಇದಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಟೈಕೋಗೆ ಅದು ಕಾಣಲಿಲ್ಲ. ಗೆಲಿಲಿಯೊ ಕಾಲದಲ್ಲಿ ಯಾರಿಗೂ ಕಾಣಲಿಲ್ಲ.

“ನಕ್ಷತ್ರಗಳು ಬಹಳ ದೂರ ಇವೆ, ಅದಕ್ಕೇ ಕಾಣುವುದಿಲ್ಲ” ಎಂದರು ಕೊಪರ್ನಿಕಸ್‌ನ ಕಡೆಯವರು. ಸರಿ, ಎಂದ ಟೈಕೋ. ಅಷ್ಟು ದೂರದಲ್ಲಿದ್ದೂ ಇಷ್ಟು ಅಗಲ ಕಾಣಬೇಕಾದರೆ ಒಂದೊಂದು ನಕ್ಷತ್ರವೂ ಭೂಮಿಯ ಇಡೀ ಕಕ್ಷೆಯಷ್ಟು ದೊಡ್ಡದಾಗಿರಬೇಕು, ಅದನ್ನು ಹೇಗೆ ನಂಬುವುದು? ಇದಕ್ಕೆ ಕೊಪರ್ನಿಕಸ್ ಪಕ್ಷದ ಕ್ರಿಸ್ಟೋಫ್ ರೋಥ್‌ಮನ್ ಕೊಟ್ಟ ಉತ್ತರವೇನು ಗೊತ್ತೇ? ದೇವರು ಅನಂತ ಮಹಿಮೆಯವನು, ಅವನ ಅರಮನೆ ದೊಡ್ಡದಿದ್ದರೆ ಆಶ್ಚರ್ಯವೇನು ಎಂಬ ಧಾಟಿಯ ಉತ್ತರ! ಯಾರು ಗಣಿತ ಹಿಡಿದಿದ್ದರು, ಯಾರು ದೇವರನ್ನು ಹಿಡಿದಿದ್ದರು ನೋಡಿ. ನಕ್ಷತ್ರಗಳು ಕಣ್ಣಿಗೂ ಮಸೂರಕ್ಕೂ ತಮ್ಮ ನಿಜಗಾತ್ರಕ್ಕಿಂತ ಎಷ್ಟೋ ಪಟ್ಟು ಅಗಲವಾಗಿ ಕಾಣುತ್ತವೆ, ಅದು ಬೆಳಕಿನ ಆಟ ಎಂಬುದು ಅರ್ಥವಾಗಲು ಬೆಳಕಿನ ವಿಜ್ಞಾನವೇ ಇನ್ನೂ ಬೆಳೆಯಬೇಕಿತ್ತು.

ಅವರು ದಡ್ಡರಾಗಿರಲಿಲ್ಲ!

ಭೂಮಿ ಓಡುತ್ತಿದ್ದರೆ ಮೇಲಕ್ಕೆಸೆದ ಕಲ್ಲು ಹಿಂದೆ ಬೀಳಬೇಕಲ್ಲವೇ ಎಂಬ ಮಾತಿಗೆ ಬರೋಣ. ನಾನು ಕುಳಿತಿರುವ ಬೆಂಗಳೂರಿನ ಈ ನೆಲ ಭೂಮಿಯ ಆವರ್ತನೆಯಿಂದಲೇ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಅದರ ಮೇಲೆ, ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಚಹಾ ಲೋಟ ತುಳುಕುತ್ತಿಲ್ಲ. ಇದನ್ನು ನಂಬಲು ನಿಮಗೆ ಜಡತ್ವದ ಕಲ್ಪನೆ ಬೇಕು: ಚಲಿಸುತ್ತಿರುವುದು, ಯಾವುದೂ ತಡೆಯದಿದ್ದರೆ, ಹಾಗೆಯೇ ಚಲಿಸುತ್ತಿರುತ್ತದೆ ಎಂಬುದು. ಆ ಕಲ್ಪನೆ ಕೊಪರ್ನಿಕಸ್ ಪುಸ್ತಕ ಅಚ್ಚಾದ 1543ರಲ್ಲಿ ಇರಲೇ ಇಲ್ಲ. ಕಲ್ಲು ಕೆಳಕ್ಕೇ ಏಕೆ ಬೀಳುತ್ತದೆ? ಭೂಮಿ ವಿಶ್ವದ ನಡುವೆ ಇದೆ, ಭಾರವಾದದ್ದು ನಡುವಿಗೆ ಸೇರುತ್ತದೆ ಎಂದಿದ್ದ ಅರಿಸ್ಟಾಟಲ್. ಭೂಮಿಯನ್ನು ನಡುವಿನಿಂದ ಕಿತ್ತ ಕ್ಷಣ ಕಲ್ಲು ಬೀಳುವುದಕ್ಕೂ ಕಾರಣ ಇಲ್ಲವಾಯಿತು. ತೃಪ್ತಿಕರ ಉತ್ತರ ನ್ಯೂಟನ್‌ನಿಂದ ಬಂದದ್ದು 1687ರಲ್ಲಿ. 144 ವರ್ಷ! ಇದ್ದ ಮನೆಯ ಅಡಿಪಾಯ ತೆಗೆದು, ಹೊಸದು ಬರುವವರೆಗೆ ಗಾಳಿಯಲ್ಲಿ ನಿಲ್ಲಿ ಎಂದರೆ ನೀವು ನಿಲ್ಲುತ್ತಿದ್ದಿರಾ?

“ಆರ್ಯಭಟ ಮೊದಲೇ ಹೇಳಿದ್ದ, ನಮ್ಮವರಿಗೆ ಇದೆಲ್ಲ ಗೊತ್ತಿತ್ತು” ಎಂದು ಈಗಾಗಲೇ ಯಾರೋ ಬರೆಯುತ್ತಿರುತ್ತಾರೆ. ಹೌದು, 499ರ ಹೊತ್ತಿಗೆ ಆರ್ಯಭಟ ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದ. ಮುಂದೆ ಸಾಗುವ ದೋಣಿಯಲ್ಲಿರುವವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವಲ್ಲ, ಹಾಗೆ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುತ್ತವೆ ಎಂದ. ಎಂಥ ಹೋಲಿಕೆ! ನನಗೆ ಈಗಲೂ ಮೈ ನವಿರೇಳುತ್ತದೆ. ಆದರೆ ಅದು ಸೂರ್ಯನ ಸುತ್ತಲಿನ ಚಲನೆಯ ಮಾತಲ್ಲ. ಮತ್ತು ನಮ್ಮವರೆಲ್ಲ ತಕ್ಷಣ ತಲೆದೂಗಲೂ ಇಲ್ಲ. ಹಾಗಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ತಮ್ಮ ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರ ಕೇಳಿದ. ಬ್ರಹ್ಮಗುಪ್ತನೂ ಒಪ್ಪಲಿಲ್ಲ. ಈ ಇಬ್ಬರನ್ನೂ ದಡ್ಡರ ಪಟ್ಟಿಗೆ ಸೇರಿಸುತ್ತೀರಾ? ಸೇರಿಸಿ ನೋಡೋಣ.

ಇನ್ನೊಂದು ವರ್ಗದವರಿದ್ದಾರೆ: “ನೀವು ಚರ್ಚಿನ ಪರ ವಾದಿಸುತ್ತಿದ್ದೀರಿ.” ಇಲ್ಲ, ಸ್ವಾಮಿ, ಇಲ್ಲ. 1616ರಲ್ಲಿ ಕೊಪರ್ನಿಕಸ್‌ನ ಪುಸ್ತಕವನ್ನು ತಡೆಹಿಡಿದದ್ದು ತಪ್ಪು. 1633ರಲ್ಲಿ ಸುಮಾರು ಎಪ್ಪತ್ತರ ಮುದುಕ ಗೆಲಿಲಿಯೊನನ್ನು ಮಂಡಿಯೂರಿಸಿ ಮಾತು ಹಿಂತೆಗೆಸಿದ್ದು, ಸಾಯುವವರೆಗೆ ಗೃಹಬಂಧನದಲ್ಲಿಟ್ಟದ್ದು ಅಕ್ಷಮ್ಯ. ಬಾಯಿ ಮುಚ್ಚಿಸಿದವನು ಬೇರೆ, ಸಾಕ್ಷ್ಯ ಕೇಳಿದವನು ಬೇರೆ. ಇಬ್ಬರನ್ನೂ ಒಂದೇ ಗೋಣಿಗೆ ತುಂಬುವವರೊಡನೆ ನನಗೆ ವಾದವಿಲ್ಲ. ಅಂದಹಾಗೆ, ಗೆಲಿಲಿಯೊ ತನ್ನ ಅಂತಿಮ ಸಾಕ್ಷಿಯೆಂದು ಮುಂದಿಟ್ಟದ್ದು ಸಮುದ್ರದ ಉಬ್ಬರವಿಳಿತವನ್ನು. ಭೂಮಿಯ ಚಲನೆಯಿಂದ ನೀರು ತೊನೆದಾಡುತ್ತದೆ ಎಂದ. ಅದು ತಪ್ಪು! ಚಂದ್ರನ ಪ್ರಭಾವ ಎಂದ ಖಗೋಳಜ್ಞ ಕೆಪ್ಲರ್‌ನ ಮಾತನ್ನು ಅವನು ತಳ್ಳಿಹಾಕಿದ. ಗ್ರಹಗಳು ದೀರ್ಘವೃತ್ತಗಳಲ್ಲಿ ಸುತ್ತುತ್ತವೆ ಎಂಬ ಕೆಪ್ಲರ್‌ನ ಮಾತನ್ನೂ ಕೊನೆಯವರೆಗೆ ಒಪ್ಪಲಿಲ್ಲ. ಗೆಲಿಲಿಯೊ ದಡ್ಡನೇ? ಹೇಳಿ!

(ಕೆಪ್ಲರ್, ಮಂಗಳ ಗ್ರಹ, ಟೈಕೋನ ಅಳತೆಗೆ ಹೊಂದದೆ ಉಳಿದ, ಡಿಗ್ರಿಯ 60 ಪಾಲಿನಲ್ಲಿ 8 ಪಾಲಿನಷ್ಟು ವ್ಯತ್ಯಾಸದ ಕಥೆ ಮುಂದಿನ ಭಾನುವಾರ. ಇನ್ನೂ ಚಂದಾದಾರರಾಗಿಲ್ಲದಿದ್ದರೆ ಆಗಿ. ಮನೆಯ ಮಕ್ಕಳನ್ನೂ ಕೂರಿಸಿಕೊಂಡು ನೋಡಿ.)

ಆ ನಕ್ಷತ್ರದ ಜಿಗಿತ ಕೊನೆಗೂ ಸಿಕ್ಕಿತು. 1838ರಲ್ಲಿ ಖಗೋಳಜ್ಞ ಬೆಸ್ಸೆಲ್ ಹಂಸ ನಕ್ಷತ್ರಪುಂಜದ ಒಂದು ಮಂಕು ನಕ್ಷತ್ರದಲ್ಲಿ ಅದನ್ನು ಅಳೆದ. ಎಷ್ಟು? ಒಂದು ರೂಪಾಯಿ ನಾಣ್ಯವನ್ನು ಆರೂವರೆ ಕಿಲೋಮೀಟರ್ ದೂರದಿಂದ ನೋಡಿದರೆ ಅದು ಎಷ್ಟು ಅಗಲ ಕಾಣುತ್ತದೋ, ಅಷ್ಟು. ಕೊಪರ್ನಿಕಸ್ ಸತ್ತು 295 ವರ್ಷಗಳಾಗಿದ್ದವು. ಭೂಮಿಯ ಆವರ್ತನೆಯನ್ನು ಫೂಕೋ ಪ್ಯಾರಿಸಿನಲ್ಲಿ ಲೋಲಕ ತೂಗಿಸಿ ಜನರ ಕಣ್ಣಿಗೆ ತೋರಿಸಿದ್ದು ಇನ್ನೂ ತಡವಾಗಿ, 1851ರಲ್ಲಿ.

ನಾವೇನು ಮಾಡಿದ್ದೇವೆ? ಮೂರನೇ ತರಗತಿಯ ಪುಸ್ತಕದಲ್ಲಿ ಓದಿದ್ದೇವೆ, ಟೀಚರ್ ಹೇಳಿದರು, ಒಪ್ಪಿದ್ದೇವೆ. ಅಷ್ಟೇ. ಅವರು ಕಣ್ಣನ್ನು ನಂಬಿದರು, ಅಳೆದರು, ಕೇಳಿದರು, ಜಗಳವಾಡಿದರು. ದಡ್ಡರಂತೆ, ದಡ್ಡರು! ನಾಲ್ಕು ದಿನದಿಂದ ಈ ಪದ ನನಗೆ ನಿದ್ದೆ ಕೊಟ್ಟಿಲ್ಲ.

ಆ ಸಾಲು ಬರೆದವರೇ, ನಿಮಗೊಂದು ಕೆಲಸ. ಇಂದು ರಾತ್ರಿ ಮೊಬೈಲನ್ನು ಮನೆಯಲ್ಲೇ ಬಿಟ್ಟು ತಾರಸಿಗೆ ಹೋಗಿ. ಪುಸ್ತಕವೂ ಬೇಡ. ಬೇಕಾದರೆ ದೂರದರ್ಶಕ ನಾನೇ ಕೊಡುತ್ತೇನೆ. ಈ ಭೂಮಿ ಚಲಿಸುತ್ತಿದೆ ಎಂದು, ನೀವು ಕಂಡದ್ದರಿಂದಷ್ಟೇ, ನಮ್ಮ ಕಟ್ಟಡದ ಆ ಹುಡುಗಿ ಒಪ್ಪುವಂತೆ ವಿವರಿಸಿ ಬರೆಯಿರಿ. ಅವಳಿಗೆ ನಾನೇ ಓದಿ ಹೇಳುತ್ತೇನೆ.