ಗಿಲಕಿ ಆಡಿಸಿದರೂ ಮಗು ಕೈ ಚಾಚುವುದಿಲ್ಲ, ಯಾಕೆ?

[ಮುಂದೆ ಒಂದು ಗಿಲಕಿ, ಒಂದು ಮೊರ]

ನಮಸ್ಕಾರ. ಒಬ್ಬ ಅಮ್ಮ ಕೇಳಿದ್ದರು: "ನನ್ನ ಮಗಳಿಗೆ ಎಂಟು ತಿಂಗಳು. ಕಣ್ಣು ಕಾಣಿಸುವುದಿಲ್ಲ. ಗಿಲಕಿ ಆಡಿಸಿದರೆ ಸುಮ್ನೆ ಇದ್ದುಬಿಡುತ್ತಾಳೆ. ಅವಳಿಗೆ ಆಟ ಬೇಡವಾ?" ಈ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ.

ಬೇಕಮ್ಮ, ಖಂಡಿತ ಬೇಕು. ಅವಳು ಸುಮ್ಮನಾಗುವುದು ಕಿವಿಗೊಟ್ಟು ಕೇಳೋದಕ್ಕೆ. ಕಣ್ಣು ಕಾಣುವ ಮಗು ನಾಲ್ಕೈದು ತಿಂಗಳಿಗೇ ಕಂಡದ್ದಕ್ಕೆಲ್ಲ ಕೈ ಹಾಕುತ್ತದೆ. ಬರೀ ಸದ್ದು ಕೇಳಿ ಕೈ ಚಾಚೋದು ಕಷ್ಟ. ಕಣ್ಣು ಕಾಣದ ಮಕ್ಕಳಿಗೆ ಅದು ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಬರುತ್ತದೆ. ಸದ್ದು ನಿಂತರೆ ಅವಳ ಪಾಲಿಗೆ ಗಿಲಕಿಯೂ ಇಲ್ಲ, ಅಲ್ವಾ?

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು, ಕಣ್ಣು ಕಾಣದ ಮಕ್ಕಳ ಜೊತೆ ಕೆಲಸ ಮಾಡಿದ ಡೆನ್ಮಾರ್ಕಿನ ಲಿಲಿ ನೀಲ್ಸನ್. ಹುಟ್ಟಿದ್ದು 1926ರಲ್ಲಿ. ಒಡಹುಟ್ಟಿದವರಲ್ಲೇ ನಾಲ್ವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ಮಾಡಿದ ಒಂದು ಹಲಗೆಯ ಬಗ್ಗೆ ಹೇಳಲೇಬೇಕು. ಸುಮಾರು 4 ಮಿಲಿಮೀಟರ್ ದಪ್ಪದ ಪ್ಲೈವುಡ್, ಅಂಚಿನ ಕೆಳಗೆ ಸುತ್ತಲೂ ಮರದ ಪಟ್ಟಿ. ಅಷ್ಟೇ. ಹಲಗೆ ನೆಲಕ್ಕೆ ತಾಗುವುದಿಲ್ಲ, ಅಡಿಯಲ್ಲಿ ಟೊಳ್ಳು. ಮಗುವನ್ನು ಅದರ ಮೇಲೆ ಮಲಗಿಸಿ. ಹಿಮ್ಮಡಿ ಬಡಿದರೆ ಧಬ್! ಸದ್ದು ಕಿವಿಗೆ ಕೇಳುತ್ತದೆ, ಬೆನ್ನಿಗೂ ತಾಗುತ್ತದೆ. ಡೊಳ್ಳಿನವರ ಪಕ್ಕ ನಿಂತರೆ ಎದೆಯೊಳಗೇ ಬಡಿದ ಹಾಗಾಗುತ್ತಲ್ಲ, ಹಾಗೆ. ಇಲ್ಲಿ ಡೊಳ್ಳು ಬಡಿಯುತ್ತಿರುವುದು ಮಗುವೇ! ಕಾಲು ನಿಲ್ಲಿಸುತ್ತದೆ. ಕೇಳುತ್ತದೆ. ಮತ್ತೆ ಧಬ್. 'ನಾನು ಒದ್ದೆ, ಅದಕ್ಕೇ ಸದ್ದಾಯ್ತು' ಅನ್ನೋದು ಅದಕ್ಕೆ ಹೊಳೆಯುವ ಗಳಿಗೆ ಇದೆಯಲ್ಲ, ಅದಕ್ಕಿಂತ ಚೆಂದದ ಆಟ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಸ್ಟೀಲ್ ಲೋಟ ಇಟ್ಟರೆ ಅದೂ ಕುಣಿಯುತ್ತದೆ.

[ಮೊರ ಕೈಗೆತ್ತಿಕೊಂಡು]

ಕೂರಲು ಕಲಿತ ಮೇಲೆ ಮೊರ ಕೊಡಿ. ಮೂರು ಕಡೆ ಅಂಚಿದೆ, ಸಾಮಾನು ಉರುಳಿ ಹೋಗುವುದಿಲ್ಲ. ತೆರೆದ ಕಡೆ ಮಗುವಿನತ್ತ ಇರಲಿ. ನಯವಾಗಿ ಉಜ್ಜಿದ ತೆಂಗಿನ ಕರಟ, ಮರದ ಸೌಟು, ಬಟ್ಟೆ ಒಗೆಯುವ ಬ್ರಷ್, ಒಂದು ತುಂಡು ರೇಷ್ಮೆ. ದಿನಾ ಅದದೇ ಜಾಗದಲ್ಲಿ ಇಡಿ. ನಿನ್ನೆ ಕರಟ ಇದ್ದ ಕಡೆಗೇ ಇವತ್ತೂ ಕೈ ಹೋಯಿತಾ? ಕೈಬಿಟ್ಟ ಮೇಲೂ ಕರಟ ಅಲ್ಲೇ ಇರುತ್ತದೆ ಅಂತ ಮಗುವಿಗೆ ತಿಳಿಯಿತು.

ಒಂದು ಮಾತು, ದಯವಿಟ್ಟು. ಮಗುವಿನ ಕೈ ಎಳೆದು ಯಾವುದರ ಮೇಲೂ ಒತ್ತಬೇಡಿ. ಆ ಕೈಯೇ ಅದರ ಕಣ್ಣು. ನಿಮ್ಮ ಕೈ ಕೆಳಗೆ, ಮಗುವಿನ ಕೈ ಮೇಲೆ. ಚಪಾತಿ ಹಿಟ್ಟು ನಾದುವಾಗ ಹೀಗೆ ಮಾಡಿ ನೋಡಿ. ಬೇಡ ಅನಿಸಿದರೆ ಅದು ಕೈ ತೆಗೆದುಕೊಳ್ಳಬಹುದು.

ಟೈಮ್ ಆಗುತ್ತಾ ಬಂತು, ಉಳಿದದ್ದು ಬೇಗ ಬೇಗ. ಬಹಳ ಮಕ್ಕಳಿಗೆ ಸ್ವಲ್ಪವಾದರೂ ಕಣ್ಣು ಕಾಣುತ್ತದೆ, ಕಪ್ಪು ಬಟ್ಟೆಯ ಮೇಲೆ ಹಳದಿ ಚೆಂಡು ಇಟ್ಟು ನೋಡಿ. ಆಟದ ಹೊತ್ತಿಗೆ ಟಿವಿ ಆಫ್ ಇರಲಿ. ಬಾಯಿಗೆ ಹಾಕುವ ಮಕ್ಕಳಿಗೆ ಕಾಳು, ಮಣಿ ಬೇಡ. ಹಲಗೆ, ಮೊರದಲ್ಲಿ ಸಿಬಿರು ಇಲ್ಲವೇ ನೋಡಿಕೊಳ್ಳಿ. ಪಕ್ಕದಲ್ಲೇ ಇರಿ, ಮಗು ಕೇಳಿಸಿಕೊಳ್ಳುವಾಗ ಮಾತ್ರ ನಡುವೆ ಮಾತಾಡಬೇಡಿ.

ಪ್ರಶ್ನೆ ಕೇಳಿದ ಅಮ್ಮನಿಗೆ: ನಾಳೆ ಗಿಲಕಿಯನ್ನು ಮೊದಲು ಅವಳ ಕೈಗೆ ತಾಗಿಸಿ. ಅವಳು ಮುಟ್ಟಿ, ಹಿಡಿದು, ಬಾಯಿಗೆ ಹಾಕಿಕೊಳ್ಳಲಿ. ಆಮೇಲೆ ಆಡಿಸಿ.